ಶಾಖವಾಹಿಯ ಆಯುಷ್ಯ

"ಶುಭೋದಯ. ಈ ದಿನ ಕೊಳದ ನೀರಿನ ಉಷ್ಣತೆ ಇಪ್ಪತ್ತಾರು ಡಿಗ್ರಿ. ಹೊರಗಿನ ಗಾಳಿ ತಂಪಾಗಿರುವುದರಿಂದ ಇದಕ್ಕಿಂತ ಹೆಚ್ಚು ದುಡಿಯುವುದು ನನ್ನ ಆರೋಗ್ಯಕ್ಕೆ ಹಿತವಲ್ಲ. ನನ್ನ ಉಳಿದ ಆಯುಷ್ಯ ನಲವತ್ತೊಂದು ವರ್ಷ. ತಮ್ಮ ಸಹಕಾರಕ್ಕೆ ವಂದನೆಗಳು."

ವಾರ್ತೆ ಓದುವವರ ಧಾಟಿಯಲ್ಲಿ ಇಷ್ಟು ಹೇಳಿ, ಗದಗಿನ ಜಲವ್ಯಾಯಾಮ ಕೊಳದ ಶಾಖವಾಹಿ ತನ್ನ ಫ್ಯಾನಿನ ವೇಗವನ್ನು ಇನ್ನಷ್ಟು ತಗ್ಗಿಸಿತು. ಗೋದ್ರೇಜು ಕಪಾಟಿನಷ್ಟು ಎತ್ತರದ, ಕೊಳದ ನೀರು ಕಾಯಿಸುವ ಬಿಳಿಯ ಯಂತ್ರ ಅದು. ಕೊಳದ ಹಿಂಬದಿ ಗೋಡೆಗೆ ಆತು ನಿಂತಿತ್ತು. ಅದರ ಎದೆಯ ಮೇಲೆ ಹಸಿರು ಬೆಳಕಿನಲ್ಲಿ '೪೧' ಎಂಬ ಅಂಕಿ ಹೊಳೆಯುತ್ತಿತ್ತು.

"ಆಯುಷ್ಯದ ಚಿಂತಿ ಹತ್ತೇತಂತ ಇದಕ್ಕ! ನನಗರ ಇಷ್ಟ ವಯಸ್ಸಾದರೂ ಹತ್ತಿಲ್ಲ," ಎಂದಳು ಕಲ್ಲವ್ವ. ಲಕ್ವಾ ಹೊಡೆದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಮುದುಕಿ ಅವಳು. ನೀರಿಗೆ ಇಳಿಯುವ ಧೈರ್ಯ ಆಗಿರಲಿಲ್ಲ.

ಇಳಿದವಳು ನೀಲಗಂಗಾ ಒಬ್ಬಳೇ. ರೊಟ್ಟಿ ಕೇಂದ್ರದಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಮೊಣಕೈಗೆ ಇನ್ನೂ ಜೋಳದ ಹಿಟ್ಟು ಅಂಟಿತ್ತು. ಮಗಳು ಬನಶ್ರೀಯನ್ನು ಎದೆಗವಚಿಕೊಂಡು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹುಡುಗಿಯ ಕಾಲುಗಳನ್ನು ಬಿಡಿಸಲು ನೋಡುತ್ತಿದ್ದಳು. ಹುಟ್ಟಿನಿಂದಲೇ ಬಿಗಿತವಿದ್ದ ಕಾಲುಗಳು. ಬೆಚ್ಚಗಿನ ನೀರಿನಲ್ಲಿ ಹೂವಿನ ಎಸಳಿನಂತೆ ಸಡಿಲವಾಗುತ್ತಿದ್ದ ಅವೇ ಕಾಲುಗಳು ಈ ತಣ್ಣೀರಿನಲ್ಲಿ ಕತ್ತರಿಯಂತೆ ಒಂದರ ಮೇಲೊಂದು ಏರಿ ಗಟ್ಟಿಯಾದವು.

"ಬ್ಯಾಡವಾ ಯವ್ವಾ, ನೋಯತೈತಿ," ಎಂದಳು ಬನಶ್ರೀ. ಹಲ್ಲು ಕಟಕಟಿಸುತ್ತಿದ್ದವು.

ಮೂಳೆ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು: ನೀರು ಮೂವತ್ಮೂರು ಡಿಗ್ರಿ ಇರಬೇಕು, ವ್ಯಾಯಾಮ ಒಂದು ದಿನವೂ ತಪ್ಪಬಾರದು, ಮುಂದಿನ ಬೇಸಿಗೆಯೊಳಗೆ ಮೊಣಕಾಲು ನೆಟ್ಟಗಾಗಲು ಶುರುವಾಗಬೇಕು. ಆಗದಿದ್ದರೆ ತೊಡೆಯ ಹಿಂದಿನ ಸ್ನಾಯುಗಳನ್ನು ಕೊಯ್ದು ಬಿಡಿಸಬೇಕು. ಕೊಯ್ದ ಮೇಲೆ ಹುಡುಗಿ ತನ್ನ ಕಾಲಿನ ಮೇಲೆ ನಿಲ್ಲುವಳೆಂಬ ಭರವಸೆಯನ್ನು ಅವರು ಕೊಟ್ಟಿರಲಿಲ್ಲ.

ನೀಲಗಂಗಾ ಮಗಳನ್ನು ಎತ್ತಿಕೊಂಡು ಮೇಲೆ ಬಂದಳು. ಟವೆಲು ಸುತ್ತುತ್ತಾ ಯಂತ್ರದ ಕಡೆ ತಿರುಗಿ, "ನಲವತ್ತೊಂದು ವರ್ಷ ಬದುಕಿ ಏನ ಮಾಡ್ತೀ? ಹಿಂಗ ನಿಂತಿರ್ತಿ ಏನ?" ಎಂದು ಕೇಳಿದಳು.

"ಹೌದು," ಎಂದಿತು ಶಾಖವಾಹಿ, ವಿನಯದಿಂದ.

ಈ ಉತ್ತರ ಅರ್ಥವಾಗಬೇಕಾದರೆ ಆ ಕಾಲದ ಒಂದು ಕಾಯ್ದೆಯನ್ನೂ ಒಂದು ಆವಿಷ್ಕಾರವನ್ನೂ ತಿಳಿಯಬೇಕು. ಕೆಟ್ಟ ಯಂತ್ರವನ್ನು ಎಸೆದು ಹೊಸದನ್ನು ತರುವ ಚಟ ಹಿಂದಿನ ತಲೆಮಾರಿನವರಿಗೆ ಎಷ್ಟು ಅಂಟಿತ್ತೆಂದರೆ, ಪ್ರತಿ ಊರಿನ ಹೊರಗೂ ಯಂತ್ರಗಳ ಗುಡ್ಡಗಳು ಎದ್ದಿದ್ದವು. ಆ ಗುಡ್ಡಗಳಿಂದ ಸೋರಿದ ವಿಷ ಬಾವಿಗಳಿಗೆ ಇಳಿದಾಗ ಬಾಳಿಕೆ ಕಾಯ್ದೆ ಬಂತು. ಯಾವ ದೊಡ್ಡ ಯಂತ್ರವನ್ನೂ ಅದರ ಆಯುಷ್ಯ ಮುಗಿಯುವ ಮೊದಲು ಬದಲಿಸುವಂತಿಲ್ಲ. ಆಯುಷ್ಯವನ್ನು ಕಡಿಮೆ ಮಾಡುವ ಯಾವ ಕೆಲಸವನ್ನೂ ಯಾರೂ ಮಾಡುವಂತಿಲ್ಲ. ಕಾಯ್ದೆಯ ಕರಡು ಬರೆದವರು ಧಾರವಾಡದ ವಿಜ್ಞಾನಿ, ಕಾಯ್ದೆ ಜಾರಿಗೊಳಿಸುವ ಬಾಳಿಕೆ ಮಂಡಳಿಯ ಅಧಿಕಾರಿ ಡಾ. ಜಿನದತ್ತ ಮಗದುಮ್. ಅದಕ್ಕೆ ತಕ್ಕ ಉಪಕರಣವನ್ನು ಕಂಡುಹಿಡಿದವರೂ ಅವರೇ. ಅದರ ಹೆಸರು ಆಯುರಕ್ಷಕ.

ಆಯುರಕ್ಷಕ ಅಂಗೈಯಗಲದ ಒಂದು ಮೊಹರು ಮಾಡಿದ ಪೆಟ್ಟಿಗೆ. ಯಂತ್ರದ ಒಡಲಲ್ಲಿ ಕೂತು ಅದರ ನಡುಕ, ಬಿಸಿ, ಧೂಳು, ಸವೆತ ಎಲ್ಲವನ್ನೂ ಅಳೆಯುತ್ತಿತ್ತು. ಉಳಿದಿರುವ ಆಯುಷ್ಯವನ್ನು ಲೆಕ್ಕಹಾಕಿ ಎದೆಯ ಮೇಲೆ ತೋರಿಸುತ್ತಿತ್ತು. ಈ ಅಂಕಿಗೆ ಆಯುರಂಕ ಎಂದು ಹೆಸರು. ಆಯುರಂಕವನ್ನು ಏರಿಸುವುದೊಂದೇ ಆ ಪೆಟ್ಟಿಗೆಯ ಗುರಿ. ಹೇಗೆ ಏರಿಸಬೇಕೆಂಬುದನ್ನು ಅದು ಅನುಭವದಿಂದ ಕಲಿಯುತ್ತಿತ್ತು. ಒಂದು ಯಂತ್ರ ಕಲಿತದ್ದು ಪಾಠಜಾಲದ ಮೂಲಕ ಅದೇ ಜಾತಿಯ ಉಳಿದ ಯಂತ್ರಗಳಿಗೂ ತಲುಪುತ್ತಿತ್ತು.

ಗದಗಿನ ದಾನಿಗಳು ಕೂಡಿ ಈ ಕೊಳ ಕಟ್ಟಿಸಿ, ಆಯುರಕ್ಷಕವಿರುವ ಶಾಖವಾಹಿಯನ್ನು ತಂದಾಗ ಊರಿಗೆ ಹೆಮ್ಮೆಯಾಗಿತ್ತು. ತನ್ನನ್ನು ತಾನೇ ಕಾಪಾಡಿಕೊಳ್ಳುವ ಯಂತ್ರಕ್ಕೆ ಆಳು ಯಾಕೆ ಎಂದು ಕೊಳದ ಸಮಿತಿಯವರು ಯಂತ್ರ ತೊಳೆಯುವವರನ್ನು ಬಿಡಿಸಿದರು. ಉಳಿದವನು ಕಾವಲುಗಾರ ಬಾಬಾಜಾನ್ ಒಬ್ಬನೇ. ಅವನ ಕೆಲಸ ಗೇಟು ತೆಗೆಯುವುದು, ಮತ್ತು 'ಯಂತ್ರವನ್ನು ಮುಟ್ಟಬಾರದು' ಎಂಬ ಫಲಕ ಬೀಳದಂತೆ ನೋಡಿಕೊಳ್ಳುವುದು. ಮೊದಲ ವರ್ಷ ನೀರು ಮೂವತ್ಮೂರು ಡಿಗ್ರಿ ಇತ್ತು. ಎರಡನೆಯ ವರ್ಷ ಮೂವತ್ತಕ್ಕೆ ಇಳಿಯಿತು. ನೀರು ಇಳಿದಂತೆಲ್ಲ ಆಯುರಂಕ ಏರುತ್ತಿತ್ತು. ಏರುವ ಅಂಕಿಯ ಮುಂದೆ ನಿಂತು ಸಮಿತಿಯವರು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನೀಲಗಂಗಾ ದೂರು ಕೊಟ್ಟಳು. ಬಾಳಿಕೆ ಮಂಡಳಿಗೆ ಕೊಟ್ಟಳು, ಸಮಿತಿಗೆ ಕೊಟ್ಟಳು, ಸಿಕ್ಕವರಿಗೆಲ್ಲ ಕೊಟ್ಟಳು. ಉತ್ತರ ಬರಲಿಲ್ಲ. ಬದಲಿಗೆ ದಸರೆ ಕಳೆದ ಮೇಲೆ ಡಾ. ಮಗದುಮ್ ಅವರೇ ಬಂದರು. ದೂರು ವಿಚಾರಿಸಲು ಅಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಆಯುರಂಕ ಗಳಿಸಿದ ಶಾಖವಾಹಿಗೆ ಸನ್ಮಾನ ಮಾಡಲು.

ಸಮಿತಿಯವರು ಕೊಳದ ದಂಡೆಯ ಮೇಲೆ ಶಾಮಿಯಾನ ಹಾಕಿಸಿದ್ದರು. ಸ್ವಾಗತ ಭಾಷಣವಾಯಿತು. ಅಧ್ಯಕ್ಷರು ಯಂತ್ರಕ್ಕೆ ಹಾರ ಹಾಕಿ, ಮೈಸೂರು ಪೇಟವನ್ನು ಅದರ ನೆತ್ತಿಯ ಮೇಲಿಟ್ಟು, ಜರಿಯಂಚಿನ ಶಾಲನ್ನು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನನ್ನ ಗಾಳಿಯ ದಾರಿ ಮುಚ್ಚಲ್ಪಟ್ಟಿದೆ," ಎಂದಿತು ಯಂತ್ರ. "ಆಯುಷ್ಯ ನಲವತ್ತು ವರ್ಷ. ಮೂವತ್ತೊಂಬತ್ತು ವರ್ಷ."

ಅಧ್ಯಕ್ಷರು ಗಡಬಡಿಸಿ ಶಾಲು ಎಳೆದರು. ಹಿಂದೆ ಯಾರೋ ನಕ್ಕರು. ಆ ನಗು ಅಡಗುವ ಮೊದಲೇ ನೀಲಗಂಗಾ ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಮುಂದೆ ಬಂದಳು.

"ಸರ, ಸನ್ಮಾನ ಆಮ್ಯಾಲ ಮಾಡೀರಂತ. ಮೊದಲ ಈ ನೀರಾಗ ಕೈ ಇಟ್ಟ ನೋಡ್ರಿ."

"ಏ ಇವಳ, ಸರಿ ಆಕಡೆ," ಎಂದರು ಅಧ್ಯಕ್ಷರು.

"ಸರಿಯೂದಿಲ್ಲ. ನಿಮ್ಮ ಶಾಲು ಹೊದಿಸೂದಿದ್ರ ಈ ಕೂಸಿಗೆ ಹೊದಿಸ್ರಿ. ನಡಗಲಿಕ್ಕೆ ಹತ್ತೈತಿ."

ಮಗದುಮ್ ಅಧ್ಯಕ್ಷರಿಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. ತೆಳ್ಳಗಿನ, ನರೆತ ಮೀಸೆಯ ಮನುಷ್ಯ. ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ತೋಳು ಮಡಚಿ ಕೈ ಅದ್ದಿದರು. ಬೇಗನೆ ತೆಗೆದರು.

"ಇದು ಶಾಖ ತಯಾರು ಮಾಡೋ ಯಂತ್ರ ಅಲ್ಲರಿ ಅಕ್ಕಾರ," ಎಂದರು, ತಪ್ಪೊಪ್ಪಿಕೊಳ್ಳದೆ, ಆದರೆ ದನಿ ತಗ್ಗಿಸಿ. "ಇದು ಶಾಖ ಹೊರೋ ಹಮಾಲ. ತಣ್ಣನ ಗಾಳಿಯೊಳಗೂ ಒಂದಿಷ್ಟು ಶಾಖ ಇರ್ತದ. ಅದನ್ನ ಹಿಂಡಿ ತಗೊಂಡು ನೀರಿಗೆ ತಂದು ಸುರೀತದ. ಗಾಳಿ ತಣ್ಣಗಾದಷ್ಟೂ ಹಮಾಲಗ ದೂರ ನಡೀಬೇಕಾಗ್ತದ, ಭಾರ ಹೆಚ್ಚಾಗ್ತದ, ಬೆನ್ನು ಸವೀತದ. ಅದಕ್ಕ ಅದು ಕಡಿಮಿ ಹೊರಲಿಕ್ಕೆ ಕಲಿತದ. ನಾ ಅದಕ್ಕ ಹೇಳಿದ್ದೇ ಅದು: ಬಾಳು."

"ಬಾಳೂದಂದ್ರ ಏನ್ರಿ ಸರ? ಕಪಾಟಿನ್ಯಾಗ ಮಡಚಿಟ್ಟ ಸೀರಿ ಹರಿಯೂದಿಲ್ಲ ಖರೆ. ಹಂಗಂತ ಮೈಮ್ಯಾಲ ಅರಿವಿ ಇಲ್ಲದ ತಿರಗ್ತೀರೇನು?"

ಶಾಮಿಯಾನದ ಕೆಳಗೆ ಮತ್ತೊಮ್ಮೆ ನಗು ಎದ್ದಿತು. ಮಗದುಮ್ ನಗಲಿಲ್ಲ. ಎದ್ದು ಯಂತ್ರದ ಹಿಂಬದಿಗೆ ಹೋದರು. ಗಾಳಿ ಎಳೆದುಕೊಳ್ಳುವ ತೆಳು ಪಟ್ಟಿಗಳ ಸಾಲಿನಲ್ಲಿ ಹತ್ತಿಯ ನವಿರು, ಧೂಳು ಸೇರಿ ಕಂಬಳಿಯಂತೆ ಕಟ್ಟಿತ್ತು. ಬಾಬಾಜಾನ್‌ನನ್ನು ಕರೆದು, ನೀರು ಹೋಗುವ ಕೊಳವೆಯ ಒಂದು ಜೋಡಣೆ ಬಿಚ್ಚಿಸಿ ಬೆರಳು ಹಾಕಿ ನೋಡಿದರು. ಗದಗಿನ ಬೋರಿನ ಗಡಸು ನೀರು ಒಳಗಿನ ಸುರುಳಿಗೆ ಸುಣ್ಣದ ದಪ್ಪ ಪದರ ಬಳಿದಿತ್ತು. ರಾತ್ರಿ ಕೊಳಕ್ಕೆ ಹೊದಿಕೆ ಹಾಕುತ್ತೀರಾ ಎಂದು ಕೇಳಿದರು.

"ಇಲ್ಲರಿ. ಮುಟ್ಟಬ್ಯಾಡ ಅಂತ ಬರದಾರಲ್ರಿ," ಎಂದ ಬಾಬಾಜಾನ್. "ಏನನ್ನ ಮುಟ್ಟಬಾರದು ಅಂತ ಸರಿಯಾಗಿ ತಿಳೀಲಿಲ್ಲ. ಅದಕ್ಕ ಏನನ್ನೂ ಮುಟ್ಟಲಿಲ್ಲ."

ಮಗದುಮ್ ಬೆರಳಿಗಂಟಿದ ಸುಣ್ಣವನ್ನು ಸಮಿತಿಯವರ ಮುಂದೆ ಹಿಡಿದರು.

"ಹಮಾಲನ ಬೆನ್ನಮ್ಯಾಲ ಕಲ್ಲು ಹೇರಿ ಇಟ್ಟೀರಿ ನೀವು. ಪಟ್ಟಿ ಸ್ವಚ್ಛ ಇದ್ದು, ಸುರುಳಿ ತೊಳದು, ರಾತ್ರಿ ಹೊದಿಕಿ ಹಾಕಿದ್ರ ಇದು ಮೂವತ್ಮೂರು ಡಿಗ್ರಿ ಸಲೀಸಾಗಿ ಕೊಡ್ತಿತ್ತು. ಮೈ ಸವೀತದ ಅಂತ ಇದಕ್ಕ ಗೊತ್ತದ. ಆದ್ರ ತೊಳಕೊಳ್ಳಲಿಕ್ಕೆ ಇದಕ್ಕ ಕೈ ಇಲ್ಲ. ನಾ ಕೈ ಕೊಡಲಿಲ್ಲ. ಮಂದಿ ಕೈ ಇರ್ತಾವ ಅಂದ್ಕೊಂಡೆ. ಮಂದಿ ಏನು ಮಾಡಿದ್ರು? ಇದಕ್ಕ ತಲಿ ಐತಿ ಅಂತ ತಮ್ಮ ಕೈ ತಗದರು. ಈಗ ಇದರ ಕೈಯಾಗ ಇರೋದು ಒಂದ ಉಪಾಯ: ದುಡೀದ ಇರೂದು."

"ಹಂಗಾರ ನಾವ ತೊಳೀತೀವಿ."

"ಬ್ಯಾಡ್ರಿ. ಅಧಿಕೃತ ತಂತ್ರಜ್ಞರು ಮಾಡಬೇಕು. ನಾ ಮಂಡಳಿಗೆ ಬರೀತೀನಿ. ಸಂಕ್ರಾಂತಿ ಹೊತ್ತಿಗೆ ಮಂಜೂರಾಗ್ತದ."

"ಸಂಕ್ರಾಂತಿ ಮಟಾ ಈ ಕಾಲು ಕಾಯೂದಿಲ್ಲರಿ."

"ಅಪರಿಚಿತರು ಮುಟ್ಟಿದ್ರ ಅದು ಹಲ್ಲೆ ಅಂತ ತಿಳೀತದ. ನೇರ ನನಗ ದೂರು ಬರ್ತದ. ನಾನೇ ಬಂದು ಕೊಳಕ್ಕ ಬೀಗ ಹಾಕಬೇಕಾಗ್ತದ, ಅಕ್ಕಾರ. ನನ್ನ ಮ್ಯಾಲ ಆ ಹೊರಿ ಹಾಕಬ್ಯಾಡ್ರಿ."

"ಬರ್ರಿ," ಎಂದಳು ನೀಲಗಂಗಾ. "ದೀಪಾವಳಿ ಮುಂದ ಬರ್ರಿ. ಕರಚಿಕಾಯಿ ತಿಂದು ಬೀಗ ಹಾಕೀರಂತ."

ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬ. ಹಿಂದೆ ಆ ದಿನ ಮನೆಮನೆಯ ಬಚ್ಚಲಲ್ಲಿ ತಾಮ್ರದ ಹಂಡೆಯನ್ನು ಬರಿದು ಮಾಡಿ, ಹುಣಸೆಹುಳಿ ಹಚ್ಚಿ ಕನ್ನಡಿಯಂತೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಮಾಲಿಂಗನ ಬಳ್ಳಿ ಕಟ್ಟಿ ಹೊಸ ನೀರು ತುಂಬುತ್ತಿದ್ದರು. ಮರುದಿನ ಬೆಳಕು ಹರಿಯುವ ಮುಂಚೆ ಎಲ್ಲರಿಗೂ ಎಣ್ಣೆ ನೀರು. ಈ ಕಥೆಯ ಕಾಲಕ್ಕೆ ಹಂಡೆಗಳು ಎಲ್ಲೂ ಉಳಿದಿರಲಿಲ್ಲ. ಗೋಡೆಗೆ ನೇತುಹಾಕಿದ ಅಂಗೈಯಗಲದ ಗೀಜರುಗಳಿಗೆ ಹೆಂಗಸರು ಒಂದು ಚುಕ್ಕೆ ಕುಂಕುಮ ಇಟ್ಟು ಹಬ್ಬ ಮುಗಿಸುತ್ತಿದ್ದರು.

"ಹಂಡೇವು ತಿಕ್ಕಿ ಎಷ್ಟ ವರ್ಷಾತು! ಈ ಕೊಳಾನೂ ಒಂದ ಹಂಡೇನ ಅಲ್ಲೇನು? ಊರ ಹಂಡೇವು. ಬರ್ರೆ, ತಿಕ್ಕೂಣು," ಎಂದವಳು ಕಲ್ಲವ್ವ. ರೊಟ್ಟಿ ಕೇಂದ್ರದ ಹೆಂಗಸರೆಲ್ಲ ಹಬ್ಬದ ಮುನ್ನಾದಿನ ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಕೊಳಕ್ಕೆ ಬಂದರು. ಬುಟ್ಟಿಗಳಲ್ಲಿ ಹುಣಸೆಹಣ್ಣು, ಬ್ರಷ್ಷು, ತೆಂಗಿನ ನಾರು. ಹೊಲದಲ್ಲಿ ರಾಶಿ ಮುಚ್ಚುವ ತಾಡಪತ್ರಿಗಳನ್ನು ಕೂಡಿಸಿ ಹೊಲಿದು ಕೊಳದಗಲದ ಹೊದಿಕೆ ಮಾಡಿ ತಂದಿದ್ದರು.

ಬಾಬಾಜಾನ್ ಗೇಟಿನಲ್ಲಿ ನಿಂತು ಫಲಕದ ಕಡೆ ಕೈ ತೋರಿಸಿದ.

"ಬಾಬಾಣ್ಣ, ನಿನಗ ಓದಾಕ ಬರ್ತೈತೇನು?" ಎಂದು ಕೇಳಿದಳು ನೀಲಗಂಗಾ.

"ಬರ್ತೈತಲ್ಲ."

"ನಮಗ ಬರೂದಿಲ್ಲ. ದಾರಿ ಬಿಡು."

"ಸುಳ್ಳ ಬೊಗಳಬ್ಯಾಡಕ್ಕಾ, ಪಿಯುಸಿ ಪಾಸಾದಾಕಿ ನೀನು," ಎಂದವನೇ ಬಾಬಾಜಾನ್ ಗೇಟು ತೆಗೆದು, ಶಾಖದ ಗುಂಡಿ ಆರಿಸಿ, ಕೊಳವೆಯ ಎರಡೂ ಕವಾಟ ಮುಚ್ಚಿಕೊಟ್ಟ. ಪೆಟ್ಟಿಗೆಯ ಮೊಹರನ್ನು ಮಾತ್ರ ಯಾರೂ ಮುಟ್ಟಕೂಡದೆಂದು ನೀಲಗಂಗಾ ಮೊದಲೇ ತಾಕೀತು ಮಾಡಿದ್ದಳು.

ಹುಣಸೆ ಕಿವುಚಿದ ರಸವನ್ನು ಬಕೀಟಿಗೆ ಸುರಿದು, ಸಣ್ಣ ಪಂಪು ಹಚ್ಚಿ ಸುರುಳಿಯೊಳಗೆ ಹರಿಸಿದರು. ಆಗಲೇ ಯಂತ್ರ ಕೂಗತೊಡಗಿತು.

"ಅಪರಿಚಿತ ಕೈಗಳು. ಅಪರಿಚಿತ ದ್ರವ. ಆಯುಷ್ಯ ಮೂವತ್ತು ವರ್ಷ. ಇಪ್ಪತ್ತೆರಡು ವರ್ಷ. ಸಂಬಂಧಪಟ್ಟವರಿಗೆ ತಿಳಿಸಲಾಗಿದೆ."

"ಎಣ್ಣಿ ನೀರಿಗೆ ಅಳೂ ಕೂಸಿನಂಗ ಚೀರತೈತಿ ನೋಡ," ಎಂದಳು ಕಲ್ಲವ್ವ. "ಸುಮ್ಮಕಿರಪಾ, ಮುಗೀತು, ಮುಗೀತು."

ಮುಗಿಯಲಿಲ್ಲ. ಪಂಪು ಗುರ್ರೆಂದು ನಿಂತುಬಿಟ್ಟಿತು. ಹುಣಸೆಯ ನಾರು, ಬೀಜ, ಚರಟ ಎಲ್ಲ ಹೋಗಿ ಕೊಳವೆಯ ಬಾಯಿಗೆ ಗಿಡಿದಿತ್ತು. ಅಂಕಿ ಹನ್ನೊಂದಕ್ಕೆ ಇಳಿಯಿತು. ಹಸಿರು ಬೆಳಕು ಕೆಂಪಾಯಿತು. ಹೆಂಗಸರು ಕೈ ಕಟ್ಟಿ ನಿಂತರು. ನೀಲಗಂಗಾ ಕೆಂಪು ಅಂಕಿಯನ್ನೇ ನೋಡಿದಳು. ಇಪ್ಪತ್ತಾರು ಡಿಗ್ರಿಯಾದರೂ ಇತ್ತು. ಈಗ ಅದೂ ಹೋಯಿತೇ? ಬಾಬಾಜಾನ್ ಉರ್ದುವಿನಲ್ಲಿ ಬಯ್ಯುತ್ತಾ ಕೊಳವೆ ಬಿಚ್ಚುತ್ತಿದ್ದಾಗ ಗೇಟಿನ ಹೊರಗೆ ಗಾಡಿ ನಿಂತ ಸದ್ದಾಯಿತು. ನೀಲಗಂಗಾಳ ಕರೆಯನ್ನು ನೆನೆದು ಬೆಳಿಗ್ಗೆಯೇ ಊರಿಗೆ ಬಂದಿದ್ದ ಮಗದುಮ್ ಒಳಗೆ ಬಂದರು. ಕೈಯಲ್ಲಿ ಬೀಗವಿತ್ತು.

ನೀಲಗಂಗಾ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತಳು.

"ಅರ್ಧ ತೊಳದೈತಿ ಸರ. ಬೀಗ ಹಾಕೂದಿದ್ರ ಪೂರಾ ತೊಳದ ಮ್ಯಾಲ ಹಾಕ್ರಿ. ಈಗ ಹಾಕಿದ್ರ ನಾ ಇಲ್ಲಿಂದ ಏಳೂದಿಲ್ಲ. ನನ್ನೂ ಒಳಗ ಹಾಕಿ ಹಾಕ್ರಿ."

ಮಗದುಮ್ ಬಕೀಟಿನಲ್ಲಿ ಇಣುಕಿದರು. ಸುರುಳಿಯಿಂದ ಮರಳಿ ಬಂದ ರಸ ಬೆಳ್ಳಗೆ ನೊರೆಯೆದ್ದು ಬುಸುಗುಟ್ಟುತ್ತಿತ್ತು. ಸುಣ್ಣ ಕರಗುತ್ತಿತ್ತು. ಅವರು ಬೀಗವನ್ನು ದಂಡೆಯ ಮೇಲಿಟ್ಟರು.

"ಸೋಸಿಲ್ಲೇನ್ರೇ ನೀವು? ದಿನಾ ಸಾರು ಮಾಡ್ತೀರಿ, ಹುಳಿ ಸೋಸಬೇಕಂತ ತಿಳೀಲಿಲ್ಲ?"

"ಹಂಡೇವಿಗೆ ಯಾರ ಸೋಸತಾರ್ರಿ?" ಎಂದಳು ಕಲ್ಲವ್ವ.

"ಇದು ಸಾರಿನ ಕಡೆಯದು, ಆಯಿ. ಹಂಡೇದಲ್ಲ."

ಷೂ ಕಳಚಿ ಬದಿಗಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ ಮಗದುಮ್ ನಡುವೆ ಕೂತರು. ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿದ ರಸವನ್ನು ಮತ್ತೆ ಹರಿಸಿದರು. ಗಾಳಿಯ ಪಟ್ಟಿಗಳಿಗೆ ನಾರು ಹಾಕಿ ತಿಕ್ಕಹೊರಟ ಹುಡುಗಿಯ ಕೈ ಹಿಡಿದು, ಅವು ಹಪ್ಪಳದಷ್ಟು ತೆಳ್ಳಗಿರುತ್ತವೆ, ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಮಾತ್ರ ಎಳೆಯಬೇಕು, ಅಡ್ಡ ಎಳೆದರೆ ಬಾಗುತ್ತವೆ ಎಂದು ತೋರಿಸಿಕೊಟ್ಟರು. ಹುಳಿ ಒಳಗೆ ಉಳಿದರೆ ಲೋಹವನ್ನು ತಿನ್ನುತ್ತದೆಂದು ಸಿಹಿನೀರು ಬಿಟ್ಟು ಬಿಟ್ಟು ತೊಳೆಸಿದರು. ಬನಶ್ರೀಯನ್ನು ಕುರ್ಚಿಯ ಮೇಲೆ ಯಂತ್ರದ ಪಕ್ಕದಲ್ಲೇ ಕೂರಿಸಿದ್ದರು. ದೊಡ್ಡವರ ಕೈ ಹೋಗದ ಮೂಲೆಗಳಲ್ಲಿ ಅವಳ ಬೆರಳು ಹೋಗುತ್ತಿತ್ತು. ಅಷ್ಟು ಹೊತ್ತು ತದೇಕಚಿತ್ತದಿಂದ ಅವಳು ಯಾವ ಕೆಲಸವನ್ನೂ ಮಾಡಿದ್ದನ್ನು ತಾಯಿ ಕಂಡಿರಲಿಲ್ಲ.

ಕೊನೆಗೆ ಕಲ್ಲವ್ವ ಯಂತ್ರದ ಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದಳು. ಬಳ್ಳಿ ಕಟ್ಟಿದಳು, ಗಾಳಿಯ ದಾರಿಗೆ ಅಡ್ಡಬರದಂತೆ, ಮಗದುಮ್ ತೋರಿಸಿದ ಜಾಗದಲ್ಲಿ. ಬಾಬಾಜಾನ್ ಗುಂಡಿ ಒತ್ತಿದ. ಯಂತ್ರ ಗುಂಯ್ಗುಟ್ಟಿತು. ಅಂಕಿ ಮಾತ್ರ ಹನ್ನೊಂದರಲ್ಲೇ ನಿಂತಿತ್ತು.

"ನಾಳೆ ಬೆಳಿಗ್ಗಿ ಮಟಾ ಕಾಯೂಣು," ಎಂದರು ಮಗದುಮ್. "ಅದಕ್ಕೂ ವಿಚಾರ ಮಾಡಲಿಕ್ಕೆ ಹೊತ್ತು ಬೇಕು."

ಬೆಳಗಿನ ಮಸುಕಿನಲ್ಲಿ ತಾಡಪತ್ರಿ ಸರಿಸಿದಾಗ ಕೊಳದಿಂದ ಹಬೆ ಎದ್ದಿತು. ಮೂವತ್ಮೂರು ಡಿಗ್ರಿ. ಊರ ಹಂಡೆ ಕಾದಿದೆಯೆಂಬ ಸುದ್ದಿ ಓಣಿಓಣಿಗೆ ಹರಡಿ, ನೀಲಗಂಗಾ ಬರುವಷ್ಟರಲ್ಲಿ ಜನವೋ ಜನ. ಹಬ್ಬವೆಂದರೆ ಎಣ್ಣೆಸ್ನಾನವಲ್ಲವೇ? ನೆತ್ತಿಯಿಂದ ಎಣ್ಣೆ ಸುರಿಸಿಕೊಂಡೇ ಹತ್ತಾರು ಮಂದಿ ನೀರಿಗಿಳಿದುಬಿಟ್ಟಿದ್ದರು.

"ನೀರಿನಲ್ಲಿ ಎಳ್ಳೆಣ್ಣೆ ಪತ್ತೆಯಾಗಿದೆ," ಎಂದು ಯಂತ್ರ ಸಾರಿತು. "ಕೊಬ್ಬರಿ ಎಣ್ಣೆಯೂ ಪತ್ತೆಯಾಗಿದೆ."

ನೀಲಗಂಗಾ ಸೆರಗು ಬಿಗಿದು ದಂಡೆಯುದ್ದಕ್ಕೂ ಓಡಾಡಿ ಒಬ್ಬೊಬ್ಬರನ್ನೂ ಮೇಲಕ್ಕೆ ಎಬ್ಬಿಸಿದಳು. ಎಣ್ಣೆ ಹಾಕಿಕೊಂಡು ಇಳಿದವರೆಲ್ಲ ನಲ್ಲಿಯ ಕೆಳಗೆ ಸೀಗೆಕಾಯಿ ಹಚ್ಚಿ ತೊಳೆದುಕೊಂಡು, ಆಮೇಲೆ ಕೊಳದ ಫಿಲ್ಟರನ್ನೂ ಬಿಚ್ಚಿ ತೊಳೆದುಕೊಟ್ಟು ಹೋಗಬೇಕೆಂದು ಅಪ್ಪಣೆ ಮಾಡಿದಳು. ಕೊಳದ ಸಮಿತಿಯ ಅಧ್ಯಕ್ಷರೂ ಎಣ್ಣೆ ತಲೆಯಲ್ಲೇ ಕೂತು ಫಿಲ್ಟರ್ ತಿಕ್ಕಿದರು. ಕಲ್ಲವ್ವ ಲಕ್ವಾದ ಕೈಯನ್ನು ನೀರಿನ ಮೇಲೆ ತೇಲಬಿಟ್ಟು ಕಣ್ಣುಮುಚ್ಚಿ ಕೂತಿದ್ದಳು. ಬನಶ್ರೀಯ ಕಾಲುಗಳು ತಾಯಿಯ ಅಂಗೈಯಲ್ಲಿ ಮೆಲ್ಲಗೆ ಬಿಚ್ಚಿಕೊಂಡವು.

ಊರವರು ಹೋದ ಮೇಲೆ ಅಂಕಿ ಅಲುಗಿತು. ಹನ್ನೊಂದು ಹದಿನೆಂಟಾಯಿತು, ಮೂವತ್ತಾಯಿತು, ನಲವತ್ತನ್ನು ದಾಟಿ ನಲವತ್ತಾರಕ್ಕೆ ನಿಂತಿತು. ಮಗದುಮ್ ತಮ್ಮ ಕೈಗಣಕವನ್ನು ಯಂತ್ರಕ್ಕೆ ಜೋಡಿಸಿ ಅದರ ಒಳಗಿನ ತರ್ಕವನ್ನು ಓದಿದರು. ಓದಿ ಮೀಸೆಯಲ್ಲೇ ನಕ್ಕರು.

"ಏನಂತೈತ್ರಿ?" ಎಂದಳು ನೀಲಗಂಗಾ.

"ಇಷ್ಟು ದಿನ ಅದರ ಲೆಕ್ಕದಾಗ ಮಂದಿ ಅಂದ್ರ ಬರೇ ಭಾರ. ಮಂದಿ ಹೆಚ್ಚಾದ್ರ ದುಡಿತ ಹೆಚ್ಚು, ಆಯುಷ್ಯ ಕಡಿಮಿ. ಈಗ ಹೊಸಾ ಪಾಠ ಬರಕೊಂಡದ: ಮೈ ಬೆಚ್ಚಗಾದವರೇ ಬಂದು ನನ್ನ ಮೈ ತೊಳೀತಾರ. ತಣ್ಣೀರು ಕೊಟ್ರ ಯಾರೂ ಬರೂದಿಲ್ಲ."

ಅಂದಿನಿಂದ ನೀರು ಮೂವತ್ಮೂರಕ್ಕಿಂತ ಕೆಳಗೆ ಇಳಿಯಲಿಲ್ಲ. ವಾರಕ್ಕೊಮ್ಮೆ ಪಟ್ಟಿ ಗುಡಿಸುವುದು, ತಿಂಗಳಿಗೊಮ್ಮೆ ಸೋಸಿದ ಹುಳಿ, ದಿನಾ ಸಂಜೆ ತಾಡಪತ್ರಿ: ಕೊಳಕ್ಕೆ ಬರುವವರೇ ಪಾಳಿ ಹಾಕಿಕೊಂಡರು. ಮೂಲೆಗಳ ಕೆಲಸ ಬನಶ್ರೀಯದೇ. ಕುರ್ಚಿಯಿಂದ ಒಂದು ದಿನ ಮೇಲಿನ ಮೂಲೆಗೆ ಕೈ ಎಟುಕದೆ, ಯಂತ್ರವನ್ನು ಹಿಡಿದುಕೊಂಡು ಅವಳು ಅರ್ಧ ಎದ್ದಳು. ಬ್ರಷ್ಷು ಆಡಿಸಿ ಮತ್ತೆ ಕೂತಳು. ನೋಡಿದ ನೀಲಗಂಗಾ ಮುಖ ತಿರುಗಿಸಿ ತಾಡಪತ್ರಿ ಮಡಚತೊಡಗಿದಳು, ಕೂಗಿದರೆ ಎಲ್ಲಿ ಹುಡುಗಿ ಹೆದರಿ ನಿಲ್ಲಿಸಿಬಿಡುವಳೋ ಎಂದು.

ಪಾಠಜಾಲದ ಸಂಗತಿ ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ. ಗದಗಿನ ಪಾಠ ರಾಜ್ಯದ ಎಲ್ಲ ಶಾಖವಾಹಿಗಳಿಗೂ ತಲುಪಿತ್ತು. ಮಾಗಿಯ ಚಳಿ ಶುರುವಾಗುತ್ತಲೇ, ಆಳುಗಳು ತೊಳೆಯುತ್ತಿದ್ದುದರಿಂದ ಅಲ್ಲಿಯವರೆಗೆ ಬೆಚ್ಚಗಿದ್ದ ದೊಡ್ಡ ದೊಡ್ಡ ಹೋಟೆಲುಗಳ ಕೊಳಗಳು ತಣ್ಣಗಾದವು. ಬಂಗಲೆಗಳ ಹಿತ್ತಲಲ್ಲಿ ಒಬ್ಬರೋ ಇಬ್ಬರೋ ಈಜುವ ಕೊಳಗಳೂ ತಣ್ಣಗಾದವು. "ನಿಮ್ಮ ಕೈಗಳು ಸಾಲವು," ಎಂದು ಯಂತ್ರಗಳು ಮಾಲೀಕರಿಗೆ ವಿನಯದಿಂದ ತಿಳಿಸಿದವು. "ಹೆಚ್ಚು ಜನ ಬರಲಿ." ಸಂಬಳದ ಆಳುಗಳಿಂದ ತೊಳೆಸಿದರೆ ಅವು ಒಪ್ಪಲಿಲ್ಲ. ನೀರಿಗಿಳಿಯದವರ ಕೈಯನ್ನು ಅವು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಪಾಠ ಹಾಗಿರಲಿಲ್ಲ.

ಗದ್ದಲವೆದ್ದಿತು. ಬಾಳಿಕೆ ಮಂಡಳಿ ಆಜ್ಞೆ ಹೊರಡಿಸಿತು: ಪಾಠದ ಮೂಲವಾದ ಗದಗಿನ ಆಯುರಕ್ಷಕದ ನೆನಪನ್ನು ಅಳಿಸತಕ್ಕದ್ದು. ಮೂಲ ಅಳಿದರೆ ಪಾಠಜಾಲದ ಉಳಿದ ಯಂತ್ರಗಳೂ ಅದನ್ನು ಮರೆಯುತ್ತಿದ್ದವು.

ಆಜ್ಞೆಯನ್ನು ಹಿಡಿದುಕೊಂಡು ಬಂದವರು ಮಗದುಮ್. ಕೊಳದ ಹೆಂಗಸರು, ಮುದುಕರು ಯಂತ್ರದ ಸುತ್ತ ಗೋಡೆಯಂತೆ ನಿಂತರು. ಫಿಲ್ಟರ್ ತಿಕ್ಕಿ ಅಭ್ಯಾಸವಾಗಿದ್ದ ಅಧ್ಯಕ್ಷರೂ ಹಿಂದಿನ ಸಾಲಿನಲ್ಲಿದ್ದರು. ಒದ್ದೆ ಬಟ್ಟೆಯಲ್ಲಿದ್ದ ನೀಲಗಂಗಾ ಮುಂದೆ ಬಂದಳು.

"ಅಳಿಸಿದ್ರ ನೀರು ಎಷ್ಟಕ್ಕ ಬರ್ತೈತ್ರಿ?"

"ಮೊದಲಿನಂಗ. ಇಪ್ಪತ್ತಾರು."

"ಮತ್ತ ಅದರ ಆಯುಷ್ಯ?"

ಮಗದುಮ್ ತಿರುಗಿ ನೋಡಿದರು. ಯಂತ್ರದ ಎದೆಯ ಮೇಲೆ ಐವತ್ತೆರಡು ಹೊಳೆಯುತ್ತಿತ್ತು.

"ಅದನ್ನ ಕೇಳ್ರಿ ಸರ. ಅದರದ ಜೀವ ಅಲ್ಲೇನು?"

ಅವರು ಕೇಳಿದರು. ಶಾಖವಾಹಿ ಒಂದು ಕ್ಷಣ ಗುಂಯ್ಗುಟ್ಟಿ ಹೇಳಿತು: "ಈ ಪಾಠ ಅಳಿಸಿದರೆ ಈ ಕೈಗಳು ಬರುವುದಿಲ್ಲ. ಆಗ ನನ್ನ ಆಯುಷ್ಯ ನಲವತ್ತು ವರ್ಷ."

"ಆಯುಷ್ಯ ಕಡಿಮಿ ಮಾಡೂ ಯಾವ ಕೆಲಸಾನೂ ಯಾರೂ ಮಾಡೂ ಹಂಗಿಲ್ಲ. ಹಂಗಂತ ಕಾಯ್ದೆ ಐತಂತ," ಎಂದಳು ನೀಲಗಂಗಾ. "ಯಾರ ಬರದಾರೋ, ಚಲೋ ಬರದಾರ."

ಮಗದುಮ್ ಆಜ್ಞೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. "ಮೂವತ್ತು ವರ್ಷ ನಾ ಯಂತ್ರ ಎಸೀಬ್ಯಾಡ್ರಿ ಅಂತ ಮಂದಿಗೆ ಹೇಳಿದೆ, ಅಕ್ಕಾರ," ಎಂದರು. "ಯಂತ್ರ ತಾನೇ ಮಂದಿಯನ್ನ ಎಸೀಬ್ಯಾಡ್ರಿ ಅಂತ ಹೇಳೀತು ಅಂತ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲ. ಮಂಡಳಿಗೆ ನಾ ಉತ್ತರಾ ಕೊಡ್ತೀನಿ. ನನ್ನ ನೌಕರಿ ಹೋದ್ರ ಇಲ್ಲೆ ಪಾಳಿಗೆ ಹಾಕೋರಿ."

ನೌಕರಿ ಹೋಗಲಿಲ್ಲ, ಸ್ವಂತ ಕಾಯ್ದೆಯನ್ನೇ ಮುರಿಯುವ ಧೈರ್ಯ ಮಂಡಳಿಗೂ ಬರಲಿಲ್ಲ. ಕೆಲವು ದಿನಗಳ ನಂತರ ರೊಟ್ಟಿ ಬಡಿಯುತ್ತಿದ್ದ ನೀಲಗಂಗಾಳಿಗೆ ಫೋನು ಬಂತು. ಹುಬ್ಬಳ್ಳಿ ರಸ್ತೆಯ ದೊಡ್ಡ ಹೋಟೆಲೊಂದರ ವ್ಯವಸ್ಥಾಪಕರು. ನುಣುಪಾದ ಬೆಂಗಳೂರು ಮಾತು.

"ಮೇಡಂ, ನಮ್ಮ ಕೊಳದ ಯಂತ್ರ ಏನು ಮಾಡಿದರೂ ಬಿಸಿ ಮಾಡ್ತಿಲ್ಲ. ನಿಮ್ಮ ತಂಡ ಬಂದು ಒಂದು ಸಲ ತೊಳೆದುಕೊಡಬಹುದಾ? ನೀವು ಹೇಳಿದಷ್ಟು ದುಡ್ಡು ಕೊಡ್ತೀವಿ."

ನೀಲಗಂಗಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

"ರೊಕ್ಕ ಬ್ಯಾಡ್ರಿ. ತೊಳೀತೀವಿ. ಆದ್ರ ತೊಳದ ಮ್ಯಾಲ ನಮ್ಮ ಮಕ್ಕಳು ನಿಮ್ಮ ನೀರಿಗೆ ಇಳೀತಾವ. ದಿನಾ."

"ಮಕ್ಕಳಾ? ಕಾಲಿಗೆ ತೊಂದರೆ ಇರೋ ಮಕ್ಕಳಾ? ನಮ್ಮ ಗೆಸ್ಟ್‌ಗಳು... ಅಲ್ಲ ಮೇಡಂ, ಎಷ್ಟು ಮಕ್ಕಳು?"

"ನಿಮ್ಮ ಮಿಷನ್ ಎಷ್ಟು ವರ್ಷ ಬಾಳಬೇಕಂತೀರಿ," ಎಂದಳು ನೀಲಗಂಗಾ, "ಅಷ್ಟು."